ಮನೆಯ ಪ್ರತಿ

ಮೂರನೇ ಮಹಡಿಯ ಬಾಡಿಗೆ ಕೋಣೆ
ಹದಿನಾಲ್ಕನೇ ತಾರೀಖು, ಗುರುವಾರ, ಬೆಳಿಗ್ಗೆ ಒಂಬತ್ತೂವರೆ

ನನ್ನ ದೊಡ್ಡಮ್ಮಾ,

ಮಂಡಿ ನೋವು ಹೇಗಿದೆ? ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಿದ್ದೀಯೋ, ಇಲ್ಲಾ ಹುಡುಗಿಯರ ಪ್ರಬಂಧ ತಿದ್ದುವ ನೆಪದಲ್ಲಿ ಅದಕ್ಕೂ ಚಕ್ಕರ್ ಹೊಡೆಯುತ್ತಿದ್ದೀಯೋ? ಬಿ.ಪಿ. ಮಾತ್ರೆ ತೆಗೆದುಕೊಂಡ ಮೇಲೆಯೇ ಇದನ್ನು ಓದು, ತಮಾಷೆಗೆ ಹೇಳುತ್ತಿಲ್ಲ. ನಾನು ಕ್ಷೇಮ ಎಂದು ಬರೆದರೆ ಮೊದಲ ಸಾಲಿನಲ್ಲೇ ಸುಳ್ಳು ಹೇಳಿದಂತಾಗುತ್ತದೆ. ಮೂರು ದಿನದಿಂದ ಊಟ ಸೇರುತ್ತಿಲ್ಲ. ನಿನ್ನೆ ಕೊರಿಯರ್‌ನವನು ಬೆಲ್ ಒತ್ತಿದಾಗ ಅಡುಗೆಕಟ್ಟೆಯ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟೆ, ಮೂವತ್ತೆರಡು ವರ್ಷದ ಹೆಂಗಸು! ಫೋನಿನಲ್ಲಿ ಹೇಳೋಣವೆಂದರೆ ಅಳು ಬರುತ್ತದೆ, ನೀನು ‘ಮೊದ್ಲು ಅತ್ತು ಮುಗ್ಸು, ಆಮೇಲೆ ಮಾಡು’ ಎಂದು ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಭಯವಾಗಿದೆ ದೊಡ್ಡಮ್ಮಾ, ತುಂಬಾ ಭಯವಾಗಿದೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳಿದರೆ ಬೈಯಬೇಡ. ಮೊದಲಿನಿಂದ ಹೇಳಿಕೊಂಡು ಹೋಗದಿದ್ದರೆ ನನ್ನ ತಲೆ ನಿಲ್ಲುವುದಿಲ್ಲ. ನೀನು ರೂಪಿಸಿದ ಸಮಯದ ಫಾರಂ ಹಿಡಿದು ನಾನು ಮನೆಮನೆ ಸುತ್ತುತ್ತಿರುವುದು ಇದು ಐದನೇ ವಾರ. ದಿನಕ್ಕೆ ತೊಂಬತ್ತಾರು ಚೌಕ, ಒಂದೊಂದು ಚೌಕ ಕಾಲು ಗಂಟೆ. ಏನು ಮಾಡಿದಿರಿ, ಎಲ್ಲಿ ಮಾಡಿದಿರಿ, ಜೊತೆಗೆ ಯಾರಿದ್ದರು. ‘ನಾನೇನ್ ಮಾಡ್ತೀನಿ, ಮನೇಲಿ ಸುಮ್ನೆ ಇರ್ತೀನಿ’ ಎನ್ನುವ ಹೆಂಗಸಿನ ಎದುರು ಕೂತು ಒಂದೊಂದೇ ಚೌಕ ತುಂಬಿಸಿದರೆ ಹದಿನಾರು ಗಂಟೆ ಕೆಲಸ ಹೊರಬೀಳುತ್ತದೆ. ಮೊನ್ನೆ ಒಬ್ಬ ಗಂಡಸು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ‘ಮಗೂನ ನೋಡ್ಕೊಂಡೆ’ ಎಂದು ಬರೆಸಿದ. ಒಳಗಿನಿಂದ ಅವನ ಹೆಂಡತಿ, ‘ಹೌದೌದು, ಪಕ್ಕದಲ್ಲಿ ಗೊರಕೆ ಹೊಡ್ಕೊಂಡು ನೋಡ್ಕೊಂಡ್ರು’ ಎಂದಳು. ಇಂಥದ್ದನ್ನೆಲ್ಲ ನಿನಗೆ ಹೇಳಿ ನಗಿಸಬೇಕೆಂದು ಕೂಡಿಟ್ಟುಕೊಂಡಿದ್ದೆ. ಯಾರೂ ಕೂಲಿ ಕೊಡದ ಈ ದುಡಿಮೆ ದೇಶದ ಲೆಕ್ಕಕ್ಕೆ ಬರಲಿ ಎಂದು ನೀನು ಮೂವತ್ತು ವರ್ಷ ಗಂಟಲು ಹರಿದುಕೊಂಡವಳು. ನಿನ್ನ ಫಾರಂ ನನ್ನ ಕೈಯಲ್ಲಿದೆ ಎಂದು ನನಗೆ ಸಿಕ್ಕಾಪಟ್ಟೆ ಜಂಬವಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಒಬ್ಬಳಿದ್ದಾಳೆ, ನಾನು ಅವಳನ್ನು ಮನಸ್ಸಿನಲ್ಲೇ ಗುಂಡಿಯಮ್ಮ ಎಂದು ಕರೆಯುತ್ತೇನೆ. ಹೆಸರು ಹೇಳುವ ಹಾಗಿಲ್ಲ, ನೀನೇ ಮಾಡಿದ ನಿಯಮ: ‘ನಂಗೆ ಹೆಸ್ರು ಬೇಡ, ನಂಬರ್ ಸಾಕು.’ ಅಂಗಿ ಕಾರ್ಖಾನೆಯಿಂದ ಮೂಟೆ ತರಿಸಿಕೊಂಡು ಮನೆಯಲ್ಲೇ ಗುಂಡಿ ಹೊಲಿಯುತ್ತಾಳೆ. ಒಂದೇ ಕಿಟಕಿಯ ಮನೆ, ಆ ಕಿಟಕಿಯಾಚೆ ಇನ್ನೊಂದು ಕಟ್ಟಡದ ಗೋಡೆ. ಡಬ್ಬಿ ಮುಚ್ಚಳಗಳಲ್ಲಿ ಬಿಳಿ ಗುಂಡಿ, ನೀಲಿ ಗುಂಡಿ ಬೇರೆಬೇರೆಯಾಗಿ ಹರಡಿಕೊಂಡು, ತೋಳಿನ ಬಟ್ಟೆಗೆ ಸೂಜಿ ಚುಚ್ಚಿಕೊಂಡು, ಒಲೆಯ ಮೇಲಿನದನ್ನು ಎದ್ದು ತಿರುವಿ ಬಂದು ಮತ್ತೆ ಕೂರುತ್ತಾಳೆ. ಗಂಡ ಲಿಫ್ಟ್ ರಿಪೇರಿಯವನು. ಬಹಳ ಮರ್ಯಾದಸ್ಥ. ನಾನು ಹೋದರೆ ಕುರ್ಚಿಯನ್ನು ಒರೆಸಿ ಕೊಡುತ್ತಾನೆ, ನೀರು ತಂದುಕೊಡುತ್ತಾನೆ. ಅವನಿದ್ದಾಗ ಅವಳು ಪ್ರತಿ ಉತ್ತರಕ್ಕೂ ಮೊದಲು ಅವನ ಮುಖ ನೋಡುತ್ತಾಳೆ. ಅದನ್ನು ನಾನು ಗಮನಿಸಿದ್ದೆ. ಗಮನಿಸಿಯೂ, ಅದನ್ನು ಬರೆಯಲು ಫಾರಂನಲ್ಲಿ ಜಾಗವಿಲ್ಲವಲ್ಲ ಎಂದು ಬಿಟ್ಟುಬಿಟ್ಟೆ.

ಹೋದ ವಾರ ಅವಳ ಹಾಳೆಯಲ್ಲಿ ಮೂರು ಚೌಕ ಖಾಲಿ ಇದ್ದವು, ಮಂಗಳವಾರ ಹನ್ನೊಂದೂ ಕಾಲಿನಿಂದ ಹನ್ನೆರಡರವರೆಗೆ. ಖಾಲಿ ಚೌಕ ಕಂಡರೆ ನಮ್ಮ ಮೇಲ್ವಿಚಾರಕ ಇಡೀ ಹಾಳೆಯನ್ನೇ ಮುಖಕ್ಕೆ ಎಸೆಯುತ್ತಾನೆ. ಗಂಡ ಕೆಲಸಕ್ಕೆ ಹೋಗಿದ್ದ. ‘ಇದೊಂದು ತುಂಬ್ಸಿಬಿಡಿ’ ಎಂದೆ. ‘ಬರೀಲೇಬೇಕಾ?’ ಎಂದು ಕೇಳಿದಳು. ನಾನು ದೊಡ್ಡ ಮನುಷ್ಯಳ ಹಾಗೆ, ‘ಯಾರೂ ನೋಡಲ್ಲ, ನನ್ನ ನಂಬಿ’ ಎಂದೆ. ಆ ಮಾತು ಈಗ ನೆನಪಾದರೆ ನಾಲಿಗೆ ಕಚ್ಚಿಕೊಳ್ಳಬೇಕು ಎನಿಸುತ್ತದೆ. ಆಗ ಬಾಯಿಬಿಟ್ಟಳು. ಎರಡು ಬೀದಿ ಆಚೆ ಒಬ್ಬ ವಯಸ್ಸಾದ ಕಟಿಂಗ್ ಟೀಚರ್ ಇದ್ದಾರೆ, ಅವರ ಹತ್ತಿರ ಬಟ್ಟೆ ಕತ್ತರಿಸುವುದನ್ನು ಕಲಿಯುತ್ತಿದ್ದಾಳಂತೆ. ಕಲಿತರೆ ಕಾರ್ಖಾನೆಯೊಳಗೇ ಕೆಲಸ ಸಿಗುತ್ತದೆ, ಸಂಬಳ ಅವಳ ಕೈಗೇ ಬರುತ್ತದೆ. ಗಂಡನಿಗೆ ಗೊತ್ತಿಲ್ಲ. ಅವನಿಲ್ಲದಾಗ ಹೊಸ್ತಿಲು ದಾಟಬಾರದು ಎಂದು ಕಟ್ಟಪ್ಪಣೆ. ‘ಕ್ಲಾಸು ಅಂತ ಮಾತ್ರ ಬರೀಬೇಡಿ ಅಕ್ಕಾ’ ಎಂದಳು. ನಾನು ಮಹಾ ಜಾಣೆ, ‘ಕಲಿಕೆ’ ಎನ್ನುವ ಕೋಡ್ ಬಿಟ್ಟು ‘ವೈಯಕ್ತಿಕ’ ಎಂದು ಹಾಕಿದೆ. ಎಲ್ಲಿ? ಮನೆಯ ಹೊರಗೆ. ಯಾರ ಜೊತೆ? ಏಳು, ಅಂದರೆ ಸಂಬಂಧಿಕರಲ್ಲದವರು, ಹಾಳೆಯ ಅಡಿಯಲ್ಲೇ ಅರ್ಥ ಅಚ್ಚಾಗಿದೆ. ಅವಳನ್ನು ಕಾಪಾಡಿದೆ ಎಂದುಕೊಂಡು ಖುಷಿಯಾಗಿ ಮೆಟ್ಟಿಲಿಳಿದೆ.

ಶುಕ್ರವಾರ ಮನೆಯ ಪ್ರತಿ ಕೊಡಲು ಹೋದೆ. ಅದೂ ನಿನ್ನದೇ ನಿಯಮ ತಾನೇ? ಹಾಳೆಯ ಕೆಳಗೆ ಕಾರ್ಬನ್ ಇಟ್ಟು ಬರೆಯಬೇಕು, ಮೇಲಿನದು ಆಫೀಸಿಗೆ, ಕೆಳಗಿನದು ಮನೆಗೆ. ‘ತಮ್ಮ ಬಗ್ಗೆ ಏನ್ ಬರ್ದಿದ್ದಾರೆ ಅಂತ ನೋಡೋ ಹಕ್ಕು ಬರೆಸಿಕೊಂಡವ್ರಿಗೆ ಇದೆ’ ಎಂದು ತರಬೇತಿಯ ದಿನ ನೀನು ಮೇಜು ಕುಟ್ಟಿ ಹೇಳಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಬಾಗಿಲು ತೆಗೆದವನು ಅವನು. ಅವಳು ಸ್ನಾನಕ್ಕೆ ಹೋಗಿದ್ದಳು. ರಶೀದಿಯಲ್ಲಿ ‘ಮನೆಯವರ ಸಹಿ’ ಎಂದಷ್ಟೇ ಇತ್ತು. ಅವನು ಸಹಿ ಹಾಕಿದ, ನಾನು ಲಕೋಟೆಯನ್ನು ಅವನ ಕೈಗಿಟ್ಟು, ಥ್ಯಾಂಕ್ಸ್ ಬೇರೆ ಹೇಳಿ ಬಂದೆ. ದೊಡ್ಡಮ್ಮಾ, ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಕಾಲದಿಂದ ನೀನು ಹೇಳುತ್ತಿದ್ದುದು ಒಂದೇ ಮಾತು: ಅರ್ಥಶಾಸ್ತ್ರದವರು ಮನೆ ಎಂದರೆ ಒಬ್ಬನೇ ಮನುಷ್ಯ ಎಂದುಕೊಂಡಿದ್ದಾರೆ, ಒಳಗೆ ಎಷ್ಟು ಜನ, ಯಾರ ಮಾತು ನಡೆಯುತ್ತದೆ ಎಂದು ಬಾಗಿಲು ತೆಗೆದು ನೋಡುವುದೇ ಇಲ್ಲ. ಅದನ್ನು ಕೇಳಿ ಬೆಳೆದವಳು ನಾನು. ಆದರೂ ಮನೆಗೆ ಒಂದೇ ಪ್ರತಿ ಎಂದು ನೀನು ಬರೆದೆ, ಬಾಗಿಲು ತೆಗೆದವನಿಗೆ ನಾನು ಕೊಟ್ಟೆ.

ಸೋಮವಾರ ಪರಿಶೀಲನೆಗೆ ಹೋದಾಗ ಅವನೇ ಬಾಗಿಲು ತೆಗೆದ. ಕೆಲಸದ ದಿನ, ಆದರೂ ಮನೆಯಲ್ಲಿದ್ದ. ಕುರ್ಚಿ ಒರೆಸಲಿಲ್ಲ. ‘ಅವ್ಳಿಗೆ ಹುಷಾರಿಲ್ಲ, ಮಲಗಿದ್ದಾಳೆ’ ಎಂದ. ಬಾಗಿಲ ಪಕ್ಕ ಅಂಗಿಯ ಮೂಟೆ ಕಟ್ಟು ಬಿಚ್ಚದೆ ಬಿದ್ದಿತ್ತು. ಅವಳು ಜ್ವರವಿದ್ದರೂ ಗುಂಡಿ ಬಿಡುವವಳಲ್ಲ. ಅವನು ಜೇಬಿನಿಂದ ಹಾಳೆ ತೆಗೆದು, ಆ ಮೂರು ಚೌಕಗಳ ಮೇಲೆ ಬೆರಳಿಟ್ಟು, ನಗುನಗುತ್ತಲೇ ಕೇಳಿದ: ‘ಮೇಡಂ, ಈ ಏಳು ಅಂದ್ರೆ ಗಂಡ್ಸಾ ಹೆಂಗ್ಸಾ?’ ಹೆಂಗಸು ಎಂದರೆ ಯಾವ ಹೆಂಗಸು, ಎಲ್ಲಿ ಎಂದು ಕೇಳುತ್ತಾನೆ, ಕ್ಲಾಸಿನ ಗುಟ್ಟು ಬಯಲಾಗುತ್ತದೆ. ನನ್ನ ಬಾಯಿಗೆ ಬಂದದ್ದು ತರಬೇತಿಯ ವಾಕ್ಯ: ‘ಅದನ್ನು ಹೇಳುವ ಹಾಗಿಲ್ಲ.’ ಅವನು ತಲೆಯಾಡಿಸಿದ. ‘ಹೇಳೋ ಹಾಗಿಲ್ವಾ? ಸರಿ, ಗೊತ್ತಾಯ್ತು ಬಿಡಿ’ ಎಂದು ಹಾಳೆಯನ್ನು ಮಡಚಿಟ್ಟುಕೊಂಡ. ಏನು ಗೊತ್ತಾಯಿತು ಅವನಿಗೆ? ನಾನು ಬಾಯಿಮುಚ್ಚಿಕೊಂಡೇ ಅವಳ ಮೇಲೆ ಇಲ್ಲದ ಸಂಬಂಧವೊಂದನ್ನು ಹೊರಿಸಿ ಬಂದೆನಲ್ಲ! ಒಳಕೋಣೆಯ ಬಾಗಿಲು ಮುಚ್ಚಿತ್ತು. ಅಲ್ಲಿಂದ ಒಂದು ಕೆಮ್ಮೂ ಕೇಳಲಿಲ್ಲ.

ಮೇಲ್ವಿಚಾರಕನ ಹತ್ತಿರ ಓಡಿದೆ. ‘ನಮ್ದು ಬರ್ಕೊಳ್ಳೋ ಕೆಲ್ಸ, ಸಂಸಾರ ಸರಿಮಾಡೋದಲ್ಲ’ ಎಂದ. ಪೊಲೀಸರಿಗೆ ಹೇಳೋಣವೆಂದು ಠಾಣೆಯ ಮೆಟ್ಟಿಲವರೆಗೂ ಹೋದೆ. ಒಳಗೆ ಹೋಗಿ ಏನು ಹೇಳಲಿ, ಮೂಟೆ ಬಿಚ್ಚಿಲ್ಲ ಎಂದೇ? ಅವರು ಹೋಗಿ ಬಾಗಿಲು ಬಡಿದು, ಅವನು ಕುರ್ಚಿ ಒರೆಸಿ ಕೊಟ್ಟು, ಅವರು ನೀರು ಕುಡಿದು ವಾಪಸು ಬಂದರೆ ಆಮೇಲೆ ಅವಳ ಗತಿ? ಹೇಡಿಯ ಹಾಗೆ ಹಿಂದಿರುಗಿದೆ. ಮಂಗಳವಾರ ಹನ್ನೊಂದೂ ಕಾಲಿಗೆ ಕಟಿಂಗ್ ಟೀಚರ್ ಮನೆಗೆ ಹೋದೆ, ದಾರಿಯಲ್ಲಿ ಹತ್ತು ಸಲ ತಿರುಗಿ ನೋಡಿಕೊಂಡು. ಅವಳು ಕ್ಲಾಸಿಗೆ ಬಂದಿರಲಿಲ್ಲ. ಟೀಚರ್ ಕತ್ತರಿ ಕೆಳಗಿಟ್ಟು ಕಾಗದ, ಪೆನ್ನು ನನ್ನ ಮುಂದಿಟ್ಟರು. ನನ್ನ ವಿಳಾಸ ಬರೆದುಕೊಟ್ಟು ಬಂದೆ. ನಿನ್ನೆ ಸಂಜೆ ನೋಡುತ್ತೇನೆ, ನಮ್ಮ ಎದುರಿನ ಔಷಧಿ ಅಂಗಡಿಯ ಮುಂದೆ ಅವಳ ಗಂಡ ನಿಂತಿದ್ದಾನೆ, ಆಫೀಸಿನಿಂದ ನನ್ನ ಹಿಂದೆಯೇ ಬಂದಿರಬೇಕು. ಏನನ್ನೂ ಕೊಳ್ಳಲಿಲ್ಲ. ನಮ್ಮ ಬಾಗಿಲನ್ನೇ ನೋಡುತ್ತಾ ಅರ್ಧ ಗಂಟೆ ನಿಂತು ಹೋದ. ಆ ಏಳು ಯಾರು ಎಂದು ನನ್ನ ಬೆನ್ನು ಹತ್ತಿಯೇ ತಿಳಿದುಕೊಳ್ಳುತ್ತಾನೆ ಎನಿಸುತ್ತದೆ. ನನಗೇನಾದರೂ ಮಾಡಿಯಾನು ಎನ್ನುವ ಹೆದರಿಕೆ ಇದೆ, ಇಲ್ಲ ಎನ್ನಲಾರೆ. ಆದರೆ ಅವಳು ಬದುಕಿದ್ದಾಳೋ ಇಲ್ಲವೋ ಎಂಬುದು ಅದಕ್ಕಿಂತ ದೊಡ್ಡ ಹೆದರಿಕೆ. ನೋಡು, ಬರೆದೇಬಿಟ್ಟೆ.

ನಿನ್ನ ಮೇಲೆ ಕೋಪವಿದೆ ದೊಡ್ಡಮ್ಮಾ. ಹೇಳದೆ ಇಟ್ಟುಕೊಂಡರೆ ನಿನಗೆ ಮೋಸ ಮಾಡಿದಂತೆ. ನೀನು ದೊಡ್ಡ ದೊಡ್ಡ ಸಭೆಗಳಲ್ಲಿ ಮಾತಾಡಿದೆ, ಹೆಂಗಸರ ಕಾಲು ಕಾಲು ಗಂಟೆಗೂ ಬೆಲೆ ಇದೆ ಎಂದೆ. ಆದರೆ ಅವಳು ಆ ಮೂರು ಚೌಕವನ್ನು ಯಾಕೆ ಖಾಲಿ ಬಿಟ್ಟಳು ಎಂದು ನಿನಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಇಡೀ ವಾರದಲ್ಲಿ ಅವಳದ್ದು ಎಂದಿದ್ದದ್ದು ಅಷ್ಟೇ. ಅದನ್ನೂ ತುಂಬಿಸಿ, ನಕಲು ಮಾಡಿ, ಅವನ ಕೈಗೆ ಕೊಟ್ಟೆವು. ಬೈದೆ ಎಂದು ಬೇಜಾರು ಮಾಡಿಕೊಳ್ಳಬೇಡ. ಬೈಯಲು ನನಗೆ ಇನ್ಯಾರಿದ್ದಾರೆ? ಇನ್ನು ನೂರಾರು ಮನೆಗಳಿಗೆ ಈ ವಾರ ಪ್ರತಿ ಹೋಗುವುದಿದೆ. ನಿನ್ನ ಮಾತನ್ನು ಆಫೀಸಿನವರು ಕೇಳುತ್ತಾರೆ. ಇದು ತಲುಪಿದ ಕೂಡಲೇ ಅದನ್ನು ನಿಲ್ಲಿಸು. ಯಾರ ಹಾಳೆಯೋ ಅವರ ಕೈಗೇ, ಅದೂ ಅವರು ಬೇಕೆಂದರೆ ಮಾತ್ರ. ಮತ್ತೆ, ಇವಳಿಗಾಗಿ ನಾನೇನು ಮಾಡಲಿ ಹೇಳು. ನಿಯಮದ ಪುಸ್ತಕ ನೋಡಬೇಡ, ನನ್ನ ದೊಡ್ಡಮ್ಮನಾಗಿ ಹೇಳು.

ಮಂಡಿಗೆ ಬಿಸಿನೀರಿನ ಶಾಖ ಕೊಡು. ಪಕ್ಕದ ಮನೆಯ ನರ್ಸಮ್ಮನಿಗೆ ನನ್ನ ನೆನಪು ಹೇಳು. ದೂರದಿಂದಲೇ ನಿನ್ನ ಕಾಲಿಗೆ ಬೀಳುತ್ತೇನೆ, ಬೈದದ್ದನ್ನು ಹೊಟ್ಟೆಗೆ ಹಾಕಿಕೊ.

ನಿನ್ನ
ಪುಕ್ಕಲಿ

ತಾ.ಕ. — ಹನ್ನೆರಡೂವರೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಓದಿಕೊ. ಕಟಿಂಗ್ ಟೀಚರ್ ಈಗಷ್ಟೇ ಬಂದರು, ಜೊತೆಗೆ ಅವಳು. ಬದುಕಿದ್ದಾಳೆ ದೊಡ್ಡಮ್ಮಾ! ಯಾವುದೋ ಆಸ್ಪತ್ರೆಯ ಲಿಫ್ಟ್ ನಡುವೆ ನಿಂತಿದೆ ಎಂದು ಅವನಿಗೆ ತುರ್ತು ಕರೆ ಬಂತಂತೆ. ಅವಸರದಲ್ಲಿ ಹೊರಗಿನಿಂದ ಬೀಗ ಹಾಕುವುದನ್ನು ಮರೆತು ಅವನು ಹೊರಬಿದ್ದ ಹತ್ತು ನಿಮಿಷಕ್ಕೆ ಇವಳು ಉಟ್ಟ ಬಟ್ಟೆಯಲ್ಲೇ, ಮನೆಯ ಚಪ್ಪಲಿಯಲ್ಲೇ ಓಡಿ ಬಂದಿದ್ದಾಳೆ. ನಿನಗೆ ಫೋನ್ ಮಾಡಿದೆ, ನೀನು ತರಗತಿಯಲ್ಲಿರಬೇಕು, ಎತ್ತಲಿಲ್ಲ. ಕಾಯಲು ಪುರುಸೊತ್ತಿಲ್ಲ. ನಿನ್ನೂರಿಗೆ ಬರುವ ಎರಡು ಗಂಟೆಯ ಬಸ್ಸಿಗೆ ಟೀಚರ್ ಅವಳನ್ನು ಹಿಂದಿನ ಮೆಟ್ಟಿಲಿನಿಂದ ಕರೆದುಕೊಂಡು ಹೋಗಿ ಹತ್ತಿಸುತ್ತಾರೆ. ನಾನು ಬರುವುದಿಲ್ಲ. ಅವನ ಕಣ್ಣು ನನ್ನ ಮೇಲಿದೆ, ನಾನು ಬಂದರೆ ಅವನನ್ನೂ ನಿನ್ನ ಬಾಗಿಲಿಗೆ ಕರೆತಂದಂತೆ. ಅವನು ವಾಪಸು ಬಂದು ಎದುರಿಗೆ ನಿಂತರೆ, ನಾನು ಫಾರಂ ಹಿಡಿದು ಎಂದಿನಂತೆ ಮುಂದಿನ ಬಾಗಿಲಿನಿಂದ ಹೊರಟು, ಅವನನ್ನು ಊರೆಲ್ಲ ಸುತ್ತಿಸುತ್ತೇನೆ. ಹೆದರಿಕೆ ಹೋಗಿಲ್ಲ, ಆದರೂ ಹೋಗುತ್ತೇನೆ. ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ಲಕೋಟೆಯ ಮೇಲೆ ‘ಮೊದಲು ಕೊನೆಯ ಪುಟ’ ಎಂದು ಬರೆದಿದ್ದೇನೆ. ನಿನ್ನ ಕೈಗೆ ಇದನ್ನು ಕೊಟ್ಟು ಬಾಗಿಲಲ್ಲಿ ನಿಂತಿದ್ದಾಳಲ್ಲ, ಅವಳೇ ಇವಳು. ‘ಕಾಗದ ಕೊಡೋಕೆ ಬಂದೆ, ಹೋಗ್ತೀನಿ’ ಎನ್ನುತ್ತಾಳೆ, ನಂಬಬೇಡ, ಅವಳಿಗೆ ಹೋಗಲು ಜಾಗವಿಲ್ಲ. ಕೈಹಿಡಿದು ಒಳಗೆ ಕರೆದುಕೊ. ಎಡಗೈ ಹಿಡಿ, ಬಲಗೈಯ ಬೆರಳುಗಳನ್ನು ಅವನು ಮುರಿದಿದ್ದಾನೆ.