ಅಜ್ಜಿಯ ಗದ್ದದ ಕೆಳಗೆ

ಮಾರ್ಚ್ 4

ಮ್ಯೂಸಿಯಂನಲ್ಲಿ ಕಲ್ಲು ಕೊರೆಯೋ ಸೂಜಿಗೆ ಗಾಳಿ ಕೊಡೋ ಕಂಪ್ರೆಸರ್ ಮತ್ತೆ ಕೆಟ್ಟಿತು. ಅದೂ ಕೆಮ್ಮುತ್ತೆ, ನಾನೂ ಕೆಮ್ತೀನಿ, ಯಾರು ಮೊದಲು ನಿಲ್ತಾರೋ ನೋಡಬೇಕು. ಬೆಳಗ್ಗೆಯೆಲ್ಲ ಪಳೆಯುಳಿಕೆಯಾದ ಒಂದು ಸುರುಳಿ ಚಿಪ್ಪಿನ ಸುತ್ತ ಕೈಯಲ್ಲೇ ಕಲ್ಲು ಕೆದಕಿದ್ದೇ ಬಂತು. ಅರ್ಧ ಬಿಡಿಸಿದ್ದೆ, ಅಳಿಯ ಹಿಂದಿನಿಂದ ಬಗ್ಗಿ, "ಮಾವ, ವಾಸನೆ ಬರ್ತಿದೆ. ಹುಳಿರೋಗ" ಅಂದ. ನೋಡಿದರೆ ಹೌದು, ಸಂದಿಯಲ್ಲಿ ಬಿಳಿ ಪುಡಿ.

ನನಗೆಲ್ಲಿಂದ ವಾಸನೆ ಬರಬೇಕು. ಹೋದ ವರ್ಷದ ಜ್ವರಕ್ಕೆ ಮೂಗು ಸತ್ತಿತು. ಹಾಲು ಸೀದಾಗಲೆಲ್ಲ ಮಗಳು ನನ್ನನ್ನು ಕರೆದು, "ಅಪ್ಪ, ಏನಾದ್ರೂ ಗೊತ್ತಾಗ್ತಿದೆಯಾ" ಅಂತ ನಗ್ತಾಳೆ.

ನಮ್ಮ ದಂಡೆಯ ಬಂಡೆಗೆ ಇದೊಂದು ಶನಿ. ಕಪ್ಪು ಕಲ್ಲಿನಲ್ಲಿ ಗಂಧಕ. ತೇವದ ಗಾಳಿ ತಾಗಿದರೆ ಹುಳಿಯಾಗಿ ಒಳಗಿಂದಲೇ ತಿನ್ನುತ್ತೆ. ಕೋಟಿಗಟ್ಟಲೆ ವರ್ಷ ಬಂಡೆಯೊಳಗೆ ಗಟ್ಟಿಯಾಗಿದ್ದ ಮೂಳೆ ನಮ್ಮ ಕಪಾಟಿನಲ್ಲಿ ಪುಡಿಯಾಗುತ್ತೆ. "ದೊಡ್ಡದಕ್ಕೆ ಬಂದ್ರೆ ಏನ್ಮಾಡೋದು ಮಾವ?" ಅಂತ ಅಳಿಯ ಕೇಳಿದ. ಒಣ ಪೆಟ್ಟಿಗೆ, ಬಿಗಿ ಮುಚ್ಚಳ, ಕೈ ಹಚ್ಚಬಾರದು. ಹಚ್ಚಿದರೆ ಮುಗೀತು. ನಾನೇ ಎಷ್ಟೋ ಸಲ ಹೇಳಿಕೊಟ್ಟದ್ದು. ಗೊತ್ತಿದ್ದೂ ಯಾಕೆ ಕೇಳಿದ?

ಮಾರ್ಚ್ 6, ಮಧ್ಯಾಹ್ನ

ಅಜ್ಜಿ ಇಲ್ಲ. ಹಾಲ್‌ನ ಗಾಜಿನ ಪೆಟ್ಟಿಗೆ ಖಾಲಿ. ಒಳಗೆ ಅಳಿಯನ ಅಕ್ಷರದಲ್ಲಿ ಒಂದು ಚೀಟಿ — 'ಶುಚಿಗೊಳಿಸಲು ತೆಗೆಯಲಾಗಿದೆ'.

ಶುಚಿಯಂತೆ. ಈ ಮ್ಯೂಸಿಯಂನಲ್ಲಿ ಅಜ್ಜಿಯ ಧೂಳು ಒರೆಸೋನು ನಾನು. ರಿಟೈರ್ ಆದ ಮೇಲೂ ಅರ್ಧ ದಿನ ಬರೋದು ಮತ್ಯಾಕೆ. ಮೊಳದುದ್ದದ ತಲೆಬುರುಡೆ, ಚೂಪು ಮೂತಿ, ತಟ್ಟೆಯಂಥ ಕಣ್ಣಿನ ಗುಳಿ. ಹಲ್ಲಿ ಜಾತಿ, ಮೀನಿನ ಮೈ, ಕಡಲಲ್ಲೇ ಹುಟ್ಟಿ ಕಡಲಲ್ಲೇ ಸತ್ತದ್ದು. ಬಂಡೆಯ ಬುಡದಲ್ಲಿ ಮೊದಲು ಕಂಡವಳು ನನ್ನ ಹೆಂಡತಿ. ನಾನು ಮೂಳೆಗೆ ಸುತ್ತೋ ಪ್ಲಾಸ್ಟರ್ ತರೋಕೆ ಓಡಿದೆ. ಅಲೆ ಮಂಡಿಗೆ ಬಂದರೂ ಅವಳು ಕದಲಲಿಲ್ಲ. "ಥೇಟ್ ನಿಮ್ಮಜ್ಜಿ ಮೂಗು. ಬಿಟ್ಟು ಬಂದ್ರೆ ಶಾಪ ಹಾಕ್ತಾರೆ" ಅಂದಳು. ಹೆಸರು ಹಾಗೇ ನಿಂತಿತು.

ಗದ್ದದ ಕೆಳಗಿನ ಬಿರುಕಿಗೆ ಅಂಟು ತುಂಬಿ ಹೆಬ್ಬೆರಳಲ್ಲಿ ಒತ್ತಿ ಹಿಡಿದವಳೂ ಅವಳೇ. ಅಂಟು ಆರಿತು, ಬೆರಳಿನ ಗುರುತು ಗೆರೆಗೆರೆಯಾಗಿ ಉಳೀತು. ಅವಳು ಹೋದ ಮೇಲೆ ಒರೆಸೋ ನೆಪದಲ್ಲಿ ದಿನಾ ಅಲ್ಲಿ ಕೈಯಾಡಿಸ್ತೀನಿ. ಯಾರಿಗೂ ಹೇಳಿಲ್ಲ, ನಾಚಿಕೆ.

"ಎಲ್ಲಿಟ್ಟಿದ್ದೀಯ?"

"ಹಿಂದಿನ ರೂಮಲ್ಲಿ ಮಾವ. ಸ್ವಲ್ಪ ಕೆಲಸ ಇದೆ."

"ಕೊಡು, ನಾನು ಮಾಡ್ತೀನಿ."

"ನೀವ್ಯಾಕೆ ತೊಂದ್ರೆ ತಗೋತೀರ."

ಹೇಳುವಾಗ ಕಣ್ಣು ನೆಲದ ಮೇಲೆ. ರೂಮಿಗೆ ಬೀಗ, ಕೀ ಅವನ ಜೇಬಲ್ಲಿ.

ಮಾರ್ಚ್ 7

ಮ್ಯೂಸಿಯಂ ನಡೆಸೋ ಮೇಡಂನ ಕೇಳಿದೆ. "ಅದೆಲ್ಲ ನಿಮ್ಮ ಅಳಿಯಂದಿರನ್ನೇ ಕೇಳಿ ಸರ್" ಅಂದರು. ಆಮೇಲೆ ಆರೋಗ್ಯ ವಿಚಾರಿಸಿದರು. ನನ್ನ ಆರೋಗ್ಯಕ್ಕೂ ಇದಕ್ಕೂ ಏನು ಸಂಬಂಧ. ಇವರೂ ಸೇರಿದ್ದಾರೆ.

ಮಾರ್ಚ್ 9

ಬಿಳಿ ಕಾರಲ್ಲಿ ಒಬ್ಬ ಬಂದಿದ್ದ. ಅಗಲ ಟೋಪಿ, ಹೊರಗಿನವನು. ಅಳಿಯ ಅವನನ್ನು ಹಿಂದಿನ ಬಾಗಿಲಿಂದ ಒಳಗೆ ಕರೆದುಕೊಂಡು ಹೋದ. ಪಳೆಯುಳಿಕೆಗೆ ಗಿರಾಕಿಗಳು ಕಡಿಮೆ ಏನಿಲ್ಲ. ದೊಡ್ಡ ಮನೆಗಳ ಹಜಾರದಲ್ಲಿ ಕಡಲಹಲ್ಲಿ ಮೆರೆಸೋದು ಈಗ ಶೋಕಿ.

ಟೋಪಿ ಹೋದ ಮೇಲೆ ಕಸದ ಬುಟ್ಟಿ ನೋಡಿದೆ. ಹೌದು, ಕಸ ಕೆದಕೋ ಮಟ್ಟಕ್ಕೆ ಇಳಿದಿದ್ದೀನಿ. ಅಚ್ಚು ತೆಗೆಯೋ ರಬ್ಬರಿನ ತುಣುಕುಗಳು ಸಿಕ್ಕವು. ಅಚ್ಚು ತೆಗೆದರೆ ನಕಲು ಮಾಡಬಹುದು. ನಕಲು ಇಲ್ಲಿ, ಅಸಲು ಬಿಳಿ ಕಾರಲ್ಲಿ. ಬೇಲಿಯೇ ಎದ್ದು ಹೊಲ ಮೇಯೋದು ಅಂದರೆ ಇದೇ.

ಮಾರ್ಚ್ 10

ನಾನು ಅಡುಗೆಮನೆಗೆ ಹೋದರೆ ಗಂಡ ಹೆಂಡತಿ ಇಬ್ಬರ ಮಾತೂ ನಿಲ್ಲುತ್ತೆ. ಇವತ್ತು ಬಾಗಿಲಲ್ಲೇ ನಿಂತೆ. ಮಗಳು ಹೇಳ್ತಿದ್ದಳು, "ಅಪ್ಪಂಗೆ ಈಗಲೇ ಬೇಡ. ಆಮೇಲೆ ನೋಡೋಣ." ನನ್ನ ನೋಡಿದ್ದೇ ನಲ್ಲಿ ತಿರುಗಿಸಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಅಳಿಯ ಮನೆ ತೊಳಿಯ ಅಂತ ಗಾದೆ. ನನ್ನ ಮಗಳೂ ಜೊತೆಗೆ ತೊಳೀತಾಳೆ ಅಂತ ಗಾದೆಯವರಿಗೂ ಗೊತ್ತಿರಲಿಲ್ಲ.

ಕೂಸಾಗಿದ್ದಾಗ ಸುಳ್ಳು ಹೇಳಿದರೆ ಕಿವಿ ಕೆಂಪಾಗೋದು. ಈಗಲೂ ಆಗುತ್ತೆ.

ಮಾರ್ಚ್ 15, ಬೆಳಗ್ಗೆ

ಅಜ್ಜಿ ವಾಪಸ್ ಬಂದಿದ್ದಾಳೆ. ಗಾಜು ತೊಳೆದು ಫಳಫಳ. "ನೋಡಿ ಮಾವ, ಹೇಗಿದೆ" ಅಂದ. ಚೆನ್ನಾಗಿದೆ ಅಂದೆ. ಅವನು ಫೋನಿಗೆ ಹೋಗಿದ್ದೇ ಗಾಜು ಸರಿಸಿ, ಕಣ್ಣಿನ ಗುಳಿಯ ಹಿಂದೆ ಅಂಟು ಬಳಿಯದ ಜಾಗಕ್ಕೆ ನಾಲಿಗೆ ಹಚ್ಚಿದೆ.

ನೋಡಿದವರು ಹುಚ್ಚ ಅನ್ಕೋಬೇಕು. ಆದರೆ ಈ ಕೆಲಸದಲ್ಲಿ ಎಲ್ಲರೂ ನೆಕ್ಕೋರೇ. ಹಳೇ ಮೂಳೆಯಲ್ಲಿ ಸಣ್ಣ ಸಣ್ಣ ತೂತು, ನಾಲಿಗೆಗೆ ಅಂಟುತ್ತೆ. ಅಜ್ಜಿ ಯಾವಾಗಲೂ ಅಂಟ್ತಿದ್ದಳು. ಇವತ್ತು ಜಾರಿತು. ಪ್ಲಾಸ್ಟಿಕ್ ಚಮಚ ಚೀಪಿದ ಹಾಗೆ.

ನಕಲು.

ಗದ್ದದ ಕೆಳಗೆ ಮುಟ್ಟಿದೆ. ಹೆಬ್ಬೆರಳಿನ ಗುರುತು ಇದೆ. ಗೆರೆಗೆರೆಯಾಗಿ ಅವಳದೇ. ಒಂದು ಗಳಿಗೆ ಜೀವ ಬಂತು, ಆಮೇಲೆ ತಿಳೀತು. ನಾನು ಅಲ್ಲಿ ಮುಟ್ಟೋದನ್ನು ನೋಡಿದ್ದಾನೆ. ನನ್ನ ಕಣ್ಣಿಗೆ ಮಣ್ಣೆರಚೋಕೆ ಸತ್ತವಳ ಬೆರಳನ್ನೂ ಅಚ್ಚು ತೆಗೆದಿದ್ದಾನೆ. ಇಂಥವನಿಗೆ ಮಗಳನ್ನೂ ಕೊಟ್ಟೆ, ಕೆಲಸವನ್ನೂ ಕಲಿಸಿದೆ.

ಮಾರ್ಚ್ 15, ಸಂಜೆ

ಊಟಕ್ಕೆ ಕೂತಾಗ ಹೇಳಿಬಿಟ್ಟೆ. "ಮನೆಯಲ್ಲಿ ಕಳ್ಳನನ್ನು ಇಟ್ಕೊಂಡು ನಾನು ಅನ್ನ ತಿನ್ನಲ್ಲ."

ಮಗಳು: "ಅಪ್ಪ, ಬಾಯಿಗೆ ಬಂದ ಹಾಗೆ ಮಾತಾಡ್ಬೇಡ."

"ಹಾಲ್‌ನಲ್ಲಿರೋದು ಅಸಲಾ? ಕೇಳು ನಿನ್ನ ಗಂಡನ್ನ."

ಅಳಿಯ ತಟ್ಟೆ ಪಕ್ಕಕ್ಕೆ ಸರಿಸಿದ. "ಅಲ್ಲ ಮಾವ" ಅಂದ. ಇನ್ನೇನೋ ಹೇಳೋಕೆ ಬಂದ. ಕೇಳೋ ತಾಳ್ಮೆ ಯಾರಿಗಿತ್ತು. ಒಪ್ಪಿಕೊಂಡನಲ್ಲ, ಅಷ್ಟು ಸಾಕು ಅಂತ ಎದ್ದು ಬಂದೆ. ಮಗಳು ರೂಮಿನ ಬಾಗಿಲು ತಟ್ಟಿದಳು, ತೆಗೀಲಿಲ್ಲ.

ಮಾರ್ಚ್ 16

ಎಲ್ಲರೂ ಊಟಕ್ಕೆ ಹೋದಾಗ ಹಿಂದಿನ ರೂಮಿಗೆ ಹೋದೆ. ಹಳೇ ಬೀಗ, ರಾತ್ರಿ ಪೆಟ್ಟಿಗೆಯೆಲ್ಲ ಹುಡುಕಿದಾಗ ನನ್ನ ಹಳೇ ಕೀ ಸಿಕ್ಕಿತ್ತು. ಮೇಜಿನ ಮೇಲೆ ದೊಡ್ಡ ಡಬ್ಬ, ಸುತ್ತ ಟೇಪ್, ಮೇಲೆ 'ತೆರೆಯಬೇಡಿ'. ಕಾರಿಗೆ ಹತ್ತಿಸೋಕೆ ರೆಡಿ ಮಾಡಿಟ್ಟಿದ್ದಾನೆ ಅನ್ಕೊಂಡೆ. ಬ್ಲೇಡಲ್ಲಿ ಟೇಪ್ ಕೊಯ್ದೆ.

ಅಜ್ಜಿ. ಮನೆಗೆ ಕರೆದುಕೊಂಡು ಹೋಗ್ತೀನಿ ಅಂತ ಎರಡೂ ಕೈ ಕೆಳಗೆ ಹಾಕಿ ಎತ್ತಿದೆ. ಕಣ್ಣಿನ ಹಿಂದೆ ನಾಲಿಗೆ ಹಚ್ಚಿದೆ. ಅಂಟಿತು.

ಹುಳಿ. ನಾಲಿಗೆ ಸುಡೋ ಹುಳಿ.

ಆಗ ನೋಡಿದೆ, ಬಿಳಿ ಪುಡಿ, ಎಲ್ಲ ಸಂದಿಯಲ್ಲೂ. ಮೂಗಿದ್ದಿದ್ದರೆ ಬಾಗಿಲಲ್ಲೇ ಗೊತ್ತಾಗ್ತಿತ್ತು. ಇಳಿಸೋಣ ಅನ್ನೋಷ್ಟರಲ್ಲಿ ಮೂತಿ ಕಳಚಿ ಬಿತ್ತು. ಆಮೇಲೆ ಗದ್ದ. ಬೆರಳುಗಳ ನಡುವೆ ಒದ್ದೆ ಸಕ್ಕರೆಯ ಹಾಗೆ ಕುಸೀತು. ಹಿಡಿದಷ್ಟೂ ಕುಸೀತು.

ಅಳಿಯ ಬಂದಾಗ ನಾನು ನೆಲದ ಮೇಲೆ ಕೂತು ಪುಡಿಯಲ್ಲಿ ಬೆರಳಿನ ಗುರುತು ಹುಡುಕ್ತಿದ್ದೆ. ಬಗ್ಗಿ ನನ್ನ ಕೈ ತೊಳೆಸಿದ, ಹುಳಿ ಚರ್ಮ ಸುಡುತ್ತೆ ಅಂತ.

ಮಾರ್ಚ್ 24

ಬರೆಯೋಕೆ ಆಗಿರಲಿಲ್ಲ.

ಮಗಳು ಎಲ್ಲ ಹೇಳಿದಳು. ಜನವರಿಯಲ್ಲೇ, ಪುಡಿ ಹೊರಗೆ ಕಾಣೋ ಮೊದಲೇ, ಅಳಿಯನಿಗೆ ವಾಸನೆ ಹತ್ತಿತ್ತಂತೆ. ಉಳಿಯಲ್ಲ ಅಂತ ಗೊತ್ತಾಯ್ತಂತೆ. "ಅಮ್ಮ ಇನ್ನೊಂದ್ಸಲ ಹೋದ ಹಾಗಾಗುತ್ತೆ ನಿಂಗೆ ಅಂತ ಹೇಳ್ಲಿಲ್ಲ ಅಪ್ಪ. ಹೇಳ್ಬೇಕಿತ್ತು" ಅಂತ ಅತ್ತಳು. ಮೇಡಂಗೂ ಸುಮ್ಮನಿರಿ ಅಂತ ಇವರೇ ಹೇಳಿದ್ದು. ಟೋಪಿಯವನು ಗಿರಾಕಿ ಅಲ್ಲ, ಇಂಥ ಮೂಳೆಗಳ ಡಾಕ್ಟರ್ ಇದ್ದ ಹಾಗೆ. ಅಜ್ಜಿಯನ್ನು ಪುಡಿಯಾಗದ ಹಾಗೆ ತಿರುವಿ ಹಾಕೋಕೆ ಕರೆಸಿದ್ದರಂತೆ.

ತಿರುವಿ ಯಾಕೆ ಹಾಕಬೇಕಿತ್ತು? ಈಗ ಯೋಚಿಸ್ತೀನಿ. ಹಾಲ್‌ಗೆ ಇಡೋ ನಕಲಿಗೆ ಮೇಲಿನ ಅಚ್ಚು ಸಾಕು, ಕೆಳಭಾಗ ಯಾರೂ ನೋಡಲ್ಲ. ಇದನ್ನೂ ನಾನೇ ಕಲಿಸಿದ್ದು. ಮೇಲಷ್ಟೇ ತೆಗೆದು ಮುಚ್ಚಳ ಹಾಕಿದ್ದರೆ ಅಜ್ಜಿ ಇನ್ನಷ್ಟು ದಿನ ಗಟ್ಟಿಯಿರ್ತಿದ್ದಳು, ಅವನ ಕೆಲಸವೂ ಹಗುರ. ಆದರೂ ತಿರುವಿದ್ದಾನೆ. ಗದ್ದದ ಕೆಳಗಿನ ಅಷ್ಟು ಜಾಗಕ್ಕೆ.

ಮಾರ್ಚ್ 25

ಎಲ್ಲರಿಗಿಂತ ಮೊದಲು ಹೋದೆ. ಗಾಜು ಸರಿಸಿ ಕೆಳಗೆ ಕೈ ಹಾಕಿದೆ. ಇದೆ. ಒಂದು ಗೆರೆಯೂ ತಪ್ಪಿಲ್ಲ. ನನ್ನ ಹೆಬ್ಬೆರಳು ದಪ್ಪ, ಅವಳ ಗುರುತಿನಲ್ಲಿ ಹಿಡಿಸಲ್ಲ. ಮೊದಲೂ ಹಿಡಿಸ್ತಿರಲಿಲ್ಲ.

ಹಿಂದೆ ಅಳಿಯ, ಕೈಯಲ್ಲಿ ಒರೆಸೋ ಬಟ್ಟೆ. ಎಷ್ಟು ಹೊತ್ತಿಂದ ನಿಂತಿದ್ದನೋ.

"ನಿನಗೆ ಹೇಗೆ ಗೊತ್ತು?" ಅಂದೆ.

"ದಿನಾ ನೋಡ್ತಿದ್ನಲ್ಲ ಮಾವ" ಅಂದ. ಬಟ್ಟೆ ಕೊಟ್ಟು ಹೋದ.

ಅಲ್ಲೇ ಹೇಳಬೇಕಿತ್ತು. ಕಳ್ಳ ಅನ್ನೋಕೆ ಅಷ್ಟು ಸಲೀಸಾಗಿ ಹೊರಳಿದ ನಾಲಿಗೆ, ತಪ್ಪಾಯ್ತು ಅನ್ನೋಕೆ ಹೊರಳಲಿಲ್ಲ. ಇವತ್ತು ಊಟಕ್ಕೆ ಕೂತಾಗ ಹೇಳ್ತೀನಿ, ಮಗಳ ಎದುರಿಗೇ. ಹೇಗೆ ಶುರು ಮಾಡೋದು ಅಂತ ಇಲ್ಲೇ ಬರೆದು ನೋಡ್ತೀನಿ.

ನೋಡಪ್ಪ, ಅವತ್ತು ನಾನು

ಬೇಡ. ಹೀಗಲ್ಲ.

ಮಗನೇ,