ಮಗಳ ಬಾವುಟದ ಹಿಂದೆ

ಕುರಾಶಿಕಿ
ಅಕ್ಟೋಬರ್ ೧೯

ಪ್ರೀತಿಯ ಕಿನುಯೆ ಅಕ್ಕನಿಗೆ ತೊಶಿಯೆಯ ನಮಸ್ಕಾರ.

ನೀನು ಕಳಿಸಿದ ಪರ್ಸಿಮನ್ ಹಣ್ಣು ಮುಗಿದು ಹದಿನೈದು ದಿನವಾಯಿತು, ಉತ್ತರ ಬರೆಯಲು ಈಗ ಪುರಸೊತ್ತಾಯಿತು. ಬೈದುಕೋಬೇಡ. ನಿನ್ನ ಮಂಡಿನೋವು ಹೇಗಿದೆ? ನನ್ನದು ಬಿಡು, ಮೊನ್ನೆ ಒಸಾಕಾದಲ್ಲಿ ಮೂರು ಮದ್ಯದಂಗಡಿ ಸುತ್ತಿ ಬಂದವಳಿಗೆ ಎಲ್ಲಿಯ ಮಂಡಿನೋವು.

ಹೌದು, ನೀನು ಸರಿಯಾಗಿಯೇ ಓದಿದೆ. ನಮ್ಮ ಚಿಗುಸಾ ಸಂಜೆ ಹೊತ್ತು ಪರದೇಶದವರನ್ನು ಅಂಗಡಿಯಿಂದ ಅಂಗಡಿಗೆ ಕರೆದುಕೊಂಡು ಹೋಗಿ ಕುಡಿಸುವ ಕೆಲಸದಲ್ಲಿದ್ದಾಳಲ್ಲ, ಆ ಗುಂಪಿಗೆ ನಾನೂ ಸೇರಿಕೊಂಡೆ. ತವರಿನ ಒಕಾಬೆ ಹೆಸರನ್ನೇ ಕೊಟ್ಟೆ. ನಾನು ಅಂತ ಗೊತ್ತಾಗಿ ಬೇಡ ಅಂದುಬಿಟ್ಟರೆ? ಅವರಪ್ಪ ತೀರಿಕೊಂಡಾಗಿನಿಂದ, ಅಂದರೆ ನಾಲ್ಕು ವರ್ಷದಿಂದ, ಅವಳು ನನ್ನ ಜೊತೆ ಮಾತಾಡಿಲ್ಲ. ಬೈದರೂ ಸರಿ, ಅವಳ ಬಾಯಿಂದ "ಅಮ್ಮ" ಅನ್ನಿಸಿಕೊಳ್ಳಬೇಕು ಅಂತ ಜೀವ ಒದ್ದಾಡುತ್ತಿತ್ತು.

ಆರು ಗಂಟೆಗೆ ತೆನ್ಮಾ ಸ್ಟೇಷನ್ ಬಾಗಿಲಲ್ಲಿ ಹಳದಿ ಬಾವುಟ ಹಿಡಿದು ನಿಂತಿದ್ದಳು. ನನ್ನನ್ನು ಕಂಡು ಮುಖ ಬಿಳಿಚಿತು. ಆದರೂ ಬಗ್ಗಿ ವಂದಿಸಿ, "ಒಕಾಬೆ ಅವರೇ, ಬನ್ನಿ, ಗುಂಪು ಬಿಟ್ಟು ಹೋಗ್ಬೇಡಿ" ಅಂದಳು. ನಾನು ಹೆತ್ತ ಮಗಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ಪಾಪ ನನಗೊಬ್ಬಳಿಗೆ ನಮ್ಮ ಭಾಷೆಯಲ್ಲಿ ಇನ್ನೊಮ್ಮೆ ಹೇಳಬೇಕು. ಬಿಸಿ ಟವೆಲಿನಲ್ಲಿ ಕೈ ಒರೆಸಿಕೊಳ್ಳಿ, ನಿಮ್ಮ ಲೋಟಕ್ಕೆ ನೀವೇ ಬಗ್ಗಿಸಿಕೊಳ್ಳಬೇಡಿ, ಪಕ್ಕದವರು ಬಗ್ಗಿಸ್ತಾರೆ ಅಂತ. ಊಟದ ಕಡ್ಡಿ ಹಿಡಿಯಲು ಅವಳಿಗೆ ಕಲಿಸಿದವಳೇ ನಾನು. ತೆಪ್ಪಗೆ ತಲೆಯಾಡಿಸಿದೆ. ಎರಡನೇ ಅಂಗಡಿಯ ದಪ್ಪ ಯಜಮಾನಿ, "ಅಜ್ಜಿ, ನಿಮ್ದು ಯಾವ ದೇಶ? ನಮ್ಮ ಭಾಷೆ ಎಷ್ಟು ಚೆನ್ನಾಗಿ ಆಡ್ತೀರಲ್ಲ" ಅಂದಳು. "ಕುರಾಶಿಕಿ ದೇಶ" ಅಂದೆ. ಚಿಗುಸಾ ಬಾವುಟದಿಂದ ಮುಖ ಮುಚ್ಚಿಕೊಂಡಳು. ಭುಜ ಕುಲುಕುತ್ತಿದ್ದುದು ನನಗೆ ಕಂಡಿತು.

ಮೂರನೆಯದರಲ್ಲಿ ನಿಂತೇ ಕುಡಿಯಬೇಕು. ಪಕ್ಕದಲ್ಲಿ ಬ್ರೆಂಡನ್ ಅಂತ ಆಸ್ಟ್ರೇಲಿಯಾದವನು, ಪುಣ್ಯಾತ್ಮ, ನನ್ನ ಲೋಟ ಖಾಲಿಯಾಗಲು ಬಿಡಲೇ ಇಲ್ಲ. ಚಿಗುಸಾ ಕೈಯಲ್ಲಿ ಕಡ್ಡಿ ಹಿಡಿದು ಪಾಠ ಹೇಳುತ್ತಿದ್ದಳು: "ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ಏನನ್ನೂ ದಾಟಿಸಬಾರದು. ಹೆಣ ಸುಟ್ಟಾದ ಮೇಲೆ ಮನೆಯವರು ಎಲುಬು ಆಯೋದು ಹಾಗೆ." ಸಂಜೆಯಿಂದ ಅವಳು ಒಂದು ತುತ್ತೂ ತಿಂದಿರಲಿಲ್ಲ ಅಕ್ಕ. ನನ್ನ ತಟ್ಟೆಯಲ್ಲಿ ಸುಟ್ಟ ಬಂಗುಡೆಯ ಹೊಟ್ಟೆಯ ತುಂಡಿತ್ತು, ಅವಳಿಗೆ ಬಲು ಇಷ್ಟದ್ದು. ಯೋಚನೆಯೇ ಇಲ್ಲದೆ ಎತ್ತಿ ಚಾಚಿದೆ. ಅವಳೂ ಮಾತಾಡುತ್ತಲೇ ತನ್ನ ಕಡ್ಡಿಯಲ್ಲಿ ಹಿಡಿದುಕೊಂಡಳು.

"ಟೀಚರ್, ಈಗ ತಾನೇ ಬೇಡ ಅಂದ್ರಲ್ಲ" ಅಂದ ಬ್ರೆಂಡನ್. ಅಂಗಡಿಗೆ ಅಂಗಡಿಯೇ ಹೋ ಅಂತ ನಕ್ಕಿತು. ಚಿಗುಸಾ ಮಾತ್ರ ಆ ತುಂಡನ್ನೇ ನೋಡುತ್ತ ನಿಂತಳು. ಆಮೇಲೆ ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿ, "ಇವಳು ನಮ್ಮಮ್ಮ. ಹೆಸರು ಬದಲಾಯಿಸ್ಕೊಂಡು ಬಂದಿದಾಳೆ, ಕಳ್ಳಿ" ಅಂದಳು. ಕಣ್ಣು ತುಂಬಿತ್ತು, ನನ್ನದೂ. ಅಲ್ಲಿಯ ಯಜಮಾನಿ ಎಲ್ಲರಿಗೂ ಸಾಕೆ ಮದ್ಯ ಬಗ್ಗಿಸಿದಳು. ನಾನು ಹಾಡಿದೆ ಅಂತ ಚಿಗುಸಾ ಫೋನಿನಲ್ಲಿ ಹೇಳಿದರೆ ನಂಬಬೇಡ. ಸ್ಟೇಷನ್‌ವರೆಗೂ ನನ್ನ ಕೈ ಬಿಡಲಿಲ್ಲ ಅವಳು. ಇಷ್ಟು ಸಂತೋಷ ಆಗಿ ಎಷ್ಟು ಕಾಲವಾಗಿತ್ತೋ.

ಚಳಿ ಶುರುವಾಗಿದೆ, ಮಂಡಿಗೆ ಉಣ್ಣೆ ಸುತ್ತಿಕೋ. ಮೊಮ್ಮಗಳಿಗೆ ನನ್ನ ಆಶೀರ್ವಾದ ಹೇಳು. ನೀನು ನೂರು ವರ್ಷ ಗಟ್ಟಿಯಾಗಿರು.

ನಿನ್ನ ತಂಗಿ,
ತೊಶಿಯೆ

ತಾ.ಕ.: ಅಪ್ಪನ ಅಂತ್ಯಕ್ರಿಯೆಗೂ ಬರಲಿಲ್ಲ ಅಂತ ನೀವೆಲ್ಲ ಚಿಗುಸಾಳನ್ನು ಇಷ್ಟು ವರ್ಷ ಆಡಿಕೊಂಡಿರಿ. ಅದು ನಾನು ಹೇಳಿದ ಸುಳ್ಳು. ಅವಳು ಬಂದಿದ್ದಳು. ಕಪ್ಪು ಬಟ್ಟೆ ತೊಟ್ಟು ಚಿತಾಗಾರದ ಬಾಗಿಲಲ್ಲಿ ನಿಂತಿದ್ದಳು. "ಬದುಕಿದ್ದಾಗ ಬಿಟ್ಟು ಹೋದವಳು ಈಗ ಎಲುಬು ಮುಟ್ಟಬೇಡ" ಅಂತ ನಾನೇ ವಾಪಸ್ ಕಳಿಸಿದೆ. ನಿಮ್ಮ ಮಾತೆಲ್ಲ ಕಿವಿಗೆ ಬಿದ್ದರೂ ಅವಳು ಒಬ್ಬರ ಹತ್ತಿರವೂ ನನ್ನನ್ನು ಬಿಟ್ಟುಕೊಡಲಿಲ್ಲ. ಇದಿಷ್ಟನ್ನು ಮನೆಯವರನ್ನೆಲ್ಲ ಕೂರಿಸಿಕೊಂಡು ಗಟ್ಟಿಯಾಗಿ ಓದು, ಅಕ್ಕ.