ಬೆಟ್ಟ ಸುಮ್ಮನಾದ ಸಂಜೆ

ಅಕ್ಕಾ,

ಇವತ್ತು ನಿನ್ನ ಬೆಟ್ಟ ಮತ್ತೆ ನಡುಗಿತು. ಜ್ವಾಲಾಮುಖಿಯ ಬಾಯಿಯ ಪಕ್ಕದ ಬಿಸಿನೀರಿನ ಬುಗ್ಗೆ ಬೆಳಗ್ಗೆಯೇ ಕೊತಕೊತ ಕುದಿಯತೊಡಗಿತ್ತು, ಗಂಧಕದ ವಾಸನೆ ನಮ್ಮ ವೀಕ್ಷಣಾಲಯದ ಮೆಟ್ಟಿಲವರೆಗೂ ಬಂದಿತ್ತು. ನಾನು ಯಾರನ್ನೂ ಕೇಳುತ್ತ ಕೂರಲಿಲ್ಲ. ತಪ್ಪಲಿನ ಊರನ್ನು ಖಾಲಿ ಮಾಡಿಸಿಬಿಟ್ಟೆ.

ಸಂಜೆಗೆ ಬೆಟ್ಟ ತಾನಾಗಿಯೇ ತಣ್ಣಗಾಯಿತು. ಏನೂ ಆಗಲಿಲ್ಲ. ಶಾಲೆಯ ಹಜಾರದಲ್ಲಿ ಕಾದು ಸುಸ್ತಾಗಿದ್ದ ಜನ ನನ್ನ ಮೇಲೆ ಹರಿಹಾಯ್ದರು. "ಕಲಸಿಟ್ಟ ಹಿಟ್ಟೆಲ್ಲ ಹುಳಿಯಾಯ್ತು ಮೇಡಂ. ನಿಮ್ಮ ಯಂತ್ರಕ್ಕೆ ಹಗ್ಗವೂ ಹಾವಾಗಿ ಕಾಣುತ್ತಾ?" ಅಂದ ಬೇಕರಿಯವನು. ಎಲ್ಲರೂ ನಕ್ಕರು. ನಾನು ಹೊರಡಲು ಚೀಲ ಕಟ್ಟತೊಡಗಿದೆ.

ಮೂಲೆಯಲ್ಲಿದ್ದ ಅವನ ತಾಯಿ ಗದರಿದಳು: "ಬಾಯಿ ಮುಚ್ಚೋ. ಹಿಂದಿನ ಸಲ ಇವರಕ್ಕ ಹೇಳಿದಾಗ ಯಾರು ಕೇಳಿದ್ರು? ಕೊನೆಗೆ ಮನೆಮನೆ ಬಾಗಿಲು ಬಡಿದು ಎಲ್ಲರನ್ನೂ ಕೆಳಗಿಳಿಸಿ, ಬೆಟ್ಟ ಸಿಡಿದಾಗ ತಾನು ಮಾತ್ರ ಅಲ್ಲೇ ಉಳಿದ್ಲು. ನಿನ್ನನ್ನ ಹಾಸಿಗೆಯಿಂದ ಎಬ್ಬಿಸಿದ್ದೂ ಅವಳೇ."

ಅವನು ತಲೆ ತಗ್ಗಿಸಿದ. ನನ್ನ ಚೀಲ ಎತ್ತಿಕೊಂಡು ಜೀಪಿನವರೆಗೂ ಬಂದು, "ಮುಂದಿನ ಸಲವೂ ಕರೀರಿ ಮೇಡಂ, ಬೈಕೊಂಡಾದ್ರೂ ಬರ್ತೀವಿ" ಅಂದ.

ಬೈಸಿಕೊಂಡು ಮನೆಗೆ ಬಂದಿದ್ದೇನೆ, ಅಕ್ಕಾ. ಅವತ್ತು ನೀನೂ ಹೀಗೇ ಬೈಸಿಕೊಂಡು ಬರಬಹುದಿತ್ತು.